ಗೋವಾದ ಸೆಕೆಯಲ್ಲಿ ಮನೇಲೇ ಸರ್ಫ್‌ಬೋರ್ಡ್ ಮಾಡೋದು ಹೇಗೆ: ಥರ್ಮೋಕೋಲ್, ಫೈಬರ್ ಬಟ್ಟೆ, ಎಪಾಕ್ಸಿ

ಗೋವಾದಲ್ಲಿ ಸರ್ಫಿಂಗ್ ಕಲೀತಿರೋ ನಮ್ಮ ಕನ್ನಡದವರು ಈಗ ಕಮ್ಮಿ ಏನಿಲ್ಲ. ವಾಸ್ಕೊ, ಮಡಗಾಂವ್‌ನಲ್ಲಿ ಕೆಲಸಕ್ಕಿರೋರು, ಕಾರವಾರದಿಂದ ಗಡಿ ದಾಟಿ ಅಗೋಂದಾಕ್ಕೆ ಬರೋರು, ಹುಬ್ಬಳ್ಳಿ ಬೆಳಗಾವಿಯಿಂದ ವೀಕೆಂಡ್‌ಗೆ ಬಂದು ಅಶ್ವೆಂನಲ್ಲಿ ಎರಡು ಗಂಟೆ ನೀರಲ್ಲಿದ್ದು ವಾಪಸ್ ಹೋಗೋರು, ಎಲ್ರೂ ಒಂದು ಹಂತಕ್ಕೆ ಬಂದ್ಮೇಲೆ ಕೇಳೋದು ಒಂದೇ, ಬಾಡಿಗೆ ಬೋರ್ಡ್ ಸಾಕಾಯ್ತು, ಸ್ವಂತದ್ದು ತಗೊಳ್ಳೋಣ ಅಂದ್ರೆ ರೇಟ್ ಕೇಳಿ ಸುಮ್ನಾದೆ, ಮನೇಲಿ ಮಾಡ್ಕೊಳ್ಳೋಕಾಗತ್ತಾ ಅಂತ. ಆಗತ್ತೆ. ಒಂದು ರೂಮು, ಒಂದಿಷ್ಟು ವಾರದ ಸಂಜೆಗಳು, ಮತ್ತೆ ಪಕ್ಕದ ಮನೆಯವರ ಜೊತೆ ಒಳ್ಳೆ ಸಂಬಂಧ ಇದ್ರೆ ಖಂಡಿತ ಆಗತ್ತೆ.

ಫೋಮ್ ಕೆತ್ತೋದು ತಾಳ್ಮೆಯ ಕೆಲಸ, ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ಮಾರನೇ ದಿನ ಸರಿ ಮಾಡ್ಕೋಬಹುದು. ರೆಸಿನ್ (ಫೈಬರ್ ಬಟ್ಟೆಯನ್ನ ಫೋಮಿಗೆ ಅಂಟಿಸಿ ಗಟ್ಟಿಯಾಗೋ ದ್ರವ) ಹಂಗಲ್ಲ, ಒಂದ್ಸಲ ಕಲಸಿದ್ಮೇಲೆ ಅದು ಗಟ್ಟಿಯಾಗೋದನ್ನ ನಿಲ್ಸೋಕಾಗಲ್ಲ, ನಮ್ಮ ಕರಾವಳಿಯ ಸೆಕೆಯಲ್ಲಿ ಅದು ಇನ್ನೂ ಬೇಗ ಗಟ್ಟಿಯಾಗತ್ತೆ, ಗಾಳಿಯ ತೇವಕ್ಕೆ ಮೇಲ್ಮೈ ಕೆಡತ್ತೆ. ಯೂಟ್ಯೂಬ್‌ನಲ್ಲಿರೋ ಬಹುಪಾಲು ವಿಡಿಯೋ ತಂಪು ದೇಶದ್ದು. ಅದನ್ನ ನೋಡಿ ಏಪ್ರಿಲ್ ತಿಂಗಳ ಮಧ್ಯಾಹ್ನ ಮಾಪ್ಸಾದ ಟೆರೇಸ್ ಮೇಲೆ ಅದೇ ಥರ ಮಾಡೋಕೆ ಹೋದ್ರೆ ಬಟ್ಟೆ ನೆನೆಯೋಕೆ ಮುಂಚೆ ಕಪ್ಪಲ್ಲೇ ರೆಸಿನ್ ಹೊಗೆಯಾಡತ್ತೆ. ಹಂಗಾಗಿ ಅಳತೆಗಿಂತ ಜಾಸ್ತಿ ಇಲ್ಲಿ ಯಾವ ತಿಂಗಳು, ಯಾವ ಹೊತ್ತು ಅನ್ನೋದರ ಬಗ್ಗೆ ಹೇಳ್ತೀನಿ. ಗ್ಲಾಸಿಂಗ್‌ಗೆ ಅಂದ್ರೆ ಫೈಬರ್ ಬಟ್ಟೆ ಹಾಕಿ ರೆಸಿನ್ ಎಳೆಯೋ ಕೆಲಸಕ್ಕೆ ನವೆಂಬರ್ ಮಧ್ಯದಿಂದ ಫೆಬ್ರವರಿ ಒಳಗೆ ಒಳ್ಳೇದು. ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲದಲ್ಲಿ ರೆಸಿನ್ ಡಬ್ಬ ತೆಗೀಲೇಬೇಡಿ. ಬೇಕಾದ್ರೆ ಆಗ ಟೆಂಪ್ಲೇಟ್ ಬರೆದು, ಫೋಮ್ ಕೆತ್ತಿ, ಪ್ಲಾಸ್ಟಿಕ್ ಸುತ್ತಿ ಒಣ ಜಾಗದಲ್ಲಿ ಇಟ್ಬಿಡಿ.

ಮೊದಲು ಫೋಮ್ ಮತ್ತೆ ರೆಸಿನ್ ಜೋಡಿ ಅರ್ಥ ಮಾಡ್ಕೊಳ್ಳಿ, ಯಾಕಂದ್ರೆ ಇಲ್ಲಿ ತಪ್ಪಿದ್ರೆ ಬೋರ್ಡೇ ಉಳಿಯಲ್ಲ. 1950ರ ದಶಕದ ಕೊನೇಲಿ ಕ್ಯಾಲಿಫೋರ್ನಿಯಾದಲ್ಲಿ ಹೋಬಿ ಆಲ್ಟರ್ ಮತ್ತೆ ಗಾರ್ಡನ್ ಕ್ಲಾರ್ಕ್ ಪಾಲಿಯುರೆಥೇನ್ ಫೋಮಿನ ಬೋರ್ಡ್ ಮಾಡೋಕೆ ಶುರು ಮಾಡಿದ್ರು, ಅದರ ಮೇಲೆ ಪಾಲಿಯೆಸ್ಟರ್ ರೆಸಿನ್. ಅಂಗಡಿ ಬೋರ್ಡುಗಳಲ್ಲಿ ಆ ಜೋಡಿ ಇವತ್ತಿಗೂ ಇದೆ. ಆದ್ರೆ ಆ ಫೋಮಿನ ರೆಡಿ ಬ್ಲ್ಯಾಂಕ್ (ಕೆತ್ತೋಕೆ ತಯಾರಿರೋ ಬೋರ್ಡ್ ಆಕಾರದ ದಿಮ್ಮಿ) ಹೊರಗಿಂದ ತರಿಸ್ಬೇಕು, ತೂಕ ಇಲ್ಲದಿದ್ರೂ ಗಾತ್ರ ದೊಡ್ಡದು ಅಂತ ಸಾಗಾಟಕ್ಕೇ ದುಡ್ಡು ಹೋಗತ್ತೆ. ನಮಗೆ ಸುಲಭಕ್ಕೆ ಸಿಗೋದು ಇಪಿಎಸ್, ಅಂದ್ರೆ ಥರ್ಮೋಕೋಲ್. ಥರ್ಮೋಕೋಲ್ ಮೇಲೆ ಪಾಲಿಯೆಸ್ಟರ್ ರೆಸಿನ್ ಬಿದ್ರೆ ಅದರಲ್ಲಿರೋ ಸ್ಟೈರೀನ್ ಫೋಮನ್ನ ಕರಗಿಸಿ ಗುಂಡಿ ಮಾಡ್ಬಿಡತ್ತೆ. ನಂಬಿಕೆ ಬರ್ಲಿಲ್ಲ ಅಂದ್ರೆ ಒಂದು ತುಂಡಿನ ಮೇಲೆ ಒಂದು ಹನಿ ಹಾಕಿ ನೋಡಿ. ಜೆಟ್ಟಿ ಹತ್ರ ದೋಣಿ ರಿಪೇರಿ ಮಾಡೋರ ಹತ್ರ ಸಿಗೋ ಜಿಪಿ ರೆಸಿನ್ ಇದೇ ಪಾಲಿಯೆಸ್ಟರ್, ಅಗ್ಗ ಅಂತ ಆಸೆಪಡ್ಬೇಡಿ. ಇನ್ನೊಂದು ವಿಷ್ಯ, ಆ ರೆಸಿನ್ ಜೊತೆ ಕೋಬಾಲ್ಟ್ ಮತ್ತೆ ಹಾರ್ಡನರ್ (ರೆಸಿನ್ ಗಟ್ಟಿ ಮಾಡೋ ದ್ರವ) ಅಂತ ಎರಡು ಬಾಟಲಿ ಕೊಡ್ತಾರೆ, ಅವೆರಡನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದ್ರೆ ಸ್ಫೋಟ ಆಗ್ಬಹುದು, ಬೇರೆ ಯಾವ ಕೆಲಸಕ್ಕೆ ಬಳಸಿದ್ರೂ ಇದು ನೆನಪಿರ್ಲಿ. ಥರ್ಮೋಕೋಲ್‌ಗೆ ಎಪಾಕ್ಸಿ ಮಾತ್ರ. ಎಪಾಕ್ಸಿ ಅಂದ್ರೆ ಅಂಗಡೀಲಿ ಸಿಗೋ ಅಂಟಿನ ಟ್ಯೂಬ್ ಅಲ್ಲ, ತೆಳ್ಳಗಿರೋ ಲ್ಯಾಮಿನೇಟಿಂಗ್ ಎಪಾಕ್ಸಿ, ಅದರಲ್ಲೂ ಸ್ಲೋ ಹಾರ್ಡನರ್ ಕೇಳಿ ತಗೊಳ್ಳಿ.

ಥರ್ಮೋಕೋಲ್ ಕೂಡ ಎಲ್ಲಾ ಒಂದೇ ಅಲ್ಲ. ಟಿವಿ ಡಬ್ಬದಲ್ಲಿ, ಗಣಪತಿ ಮಂಟಪಕ್ಕೆ ಬಳಸೋದು ತೀರಾ ಹಗುರ, ಬೆರಳಲ್ಲಿ ಒತ್ತಿದ್ರೆ ಗುಳಿ ಬೀಳತ್ತೆ. ಕೋಲ್ಡ್ ಸ್ಟೋರೇಜ್ ಇನ್ಸುಲೇಷನ್‌ಗೆ ಕೊಡೋರ ಹತ್ರ ಹೋಗಿ 24 ಡೆನ್ಸಿಟಿ ಕೇಳಿ, ಅಂದ್ರೆ ಒಂದು ಘನ ಮೀಟರಿಗೆ 24 ಕೆಜಿ. 32 ಸಿಕ್ರೆ ಇನ್ನೂ ಗಟ್ಟಿ, ಸ್ವಲ್ಪ ತೂಕ. ಎಂಟು ಅಡಿ ಉದ್ದದ ಒಂದೇ ಬ್ಲಾಕ್ ಸಿಕ್ಕಿದ್ರೆ ಅದೃಷ್ಟ, ಇಲ್ಲಾಂದ್ರೆ ತುಂಡುಗಳನ್ನ ಅಂಟಿಸಬಹುದು, ಜೋಡಣೆ ಎಡಕ್ಕೂ ಬಲಕ್ಕೂ ಒಂದೇ ಜಾಗದಲ್ಲಿ ಬರದ ಹಾಗೆ ನೋಡ್ಕೊಳ್ಳಿ.

ಸೈಜಿಗೆ ಬಂದ್ರೆ, ಗೋವಾದ ಅಲೆ ಸೀಸನ್‌ನಲ್ಲಿ ಚಿಕ್ಕದು, ಮೆತ್ತಗೆ ಬರತ್ತೆ, ಅದಕ್ಕೆ ತೇಲುವಿಕೆ ಜಾಸ್ತಿ ಇರೋ ಬೋರ್ಡ್ ಬೇಕು. 70 ಕೆಜಿ ಆಸುಪಾಸಿನ ಕಲಿಯೋರಿಗೆ 8 ಅಡಿ ಉದ್ದ, 22 ಇಂಚು ಅಗಲ, 3 ಇಂಚು ದಪ್ಪ ಅಂದ್ರೆ 55ರಿಂದ 60 ಲೀಟರ್ ಬರತ್ತೆ, ಎದ್ದು ನಿಲ್ಲೋಕೆ ಆರಾಮ. ಚಿಕ್ಕ ಚೂಪು ಶಾರ್ಟ್‌ಬೋರ್ಡ್ ನೋಡೋಕೆ ಚೆಂದ, ಮೊದಲ ಬೋರ್ಡಿಗೆ ಬೇಡ. ಮೂತಿಯ ತುದಿಯಿಂದ ಒಂದು ಅಡಿ ಒಳಗೆ ಅಗಲ 16 ಇಂಚು, ಬಾಲದಿಂದ ಒಂದು ಅಡಿ ಮೇಲೆ 15 ಇಂಚು, ಮಧ್ಯ 22. ಈ ಮೂರು ಬಿಂದು ಮತ್ತೆ ಎರಡು ತುದಿ ಗುರುತು ಹಾಕಿ, ತೆಳ್ಳನೆ ಮರದ ಬೀಡಿಂಗ್ ಪಟ್ಟಿಯನ್ನ ಬಗ್ಗಿಸಿ ಮೊಳೆಗಳ ಮಧ್ಯೆ ಹಿಡಿದು ಗೆರೆ ಎಳೀರಿ, ಪಟ್ಟಿ ತಾನಾಗೇ ಒಳ್ಳೆ ಕರ್ವ್ ಕೊಡತ್ತೆ. ಅರ್ಧ ಟೆಂಪ್ಲೇಟ್ ಸಾಕು, ಹಾರ್ಡ್‌ಬೋರ್ಡಿನಲ್ಲಿ ಕತ್ತರಿಸಿ, ಮಧ್ಯ ಗೆರೆಗೆ ಇಟ್ಟು ಒಂದು ಕಡೆ ಬರೆದು ಮಗುಚಿ ಇನ್ನೊಂದು ಕಡೆ ಬರೆದ್ರೆ ಎರಡೂ ಸಮ. ಇನ್ನು ಪಕ್ಕದಿಂದ ನೋಡಿದಾಗ ಕಾಣೋ ಬಾಗು, ಅದಕ್ಕೆ ರಾಕರ್ ಅಂತಾರೆ, ಮೂತಿ ಕಡೆ ನಾಲ್ಕೂವರೆ ಇಂಚು, ಬಾಲದ ಕಡೆ ಎರಡು ಇಂಚು ಎತ್ತಿರ್ಲಿ. ಇದಕ್ಕೆ ಪ್ಲೈವುಡ್‌ನಲ್ಲಿ ಒಂದೇ ಥರದ ಎರಡು ಟೆಂಪ್ಲೇಟ್ ಬೇಕು, ಬ್ಲಾಕಿನ ಎರಡೂ ಮಗ್ಗುಲಿಗೆ ಒಂದೊಂದು.

ಬ್ಲಾಕನ್ನ ಬಿಸಿ ತಂತಿಯಲ್ಲಿ ಕತ್ತರಿಸೋದು. ನೈಕ್ರೋಮ್ ತಂತಿಯನ್ನ ಮರದ ಬಿಲ್ಲಿಗೆ ಬಿಗಿಯಾಗಿ ಕಟ್ಟಿ 12 ವೋಲ್ಟ್ ಬ್ಯಾಟರಿ ಚಾರ್ಜರಿನಿಂದ ಕರೆಂಟ್ ಕೊಡಿ. ಮನೆಯ ಪ್ಲಗ್ಗಿಗೆ ನೇರವಾಗಿ ಯಾವತ್ತೂ ಬೇಡ, ಜೀವ ಹೋಗತ್ತೆ. ತಂತಿ ಕೆಂಪಗಾಗ್ಬಾರ್ದು, ಕೆಂಪಗಾಯ್ತು ಅಂದ್ರೆ ಬಿಸಿ ಜಾಸ್ತಿ, ಫೋಮ್ ದೂರದಿಂದಲೇ ಕರಗಿ ಅಳತೆ ಹೋಗತ್ತೆ. ಇಬ್ಬರು ಬೇಕು, ಆ ಕಡೆ ಒಬ್ಬರು ಈ ಕಡೆ ಒಬ್ಬರು, ಟೆಂಪ್ಲೇಟ್ ಮೇಲೆ ತಂತಿ ಕೂರಿಸಿ ಒಬ್ಬರು ಟೆಂಪ್ಲೇಟ್ ಅಂಚಿಗೆ ಬರೆದ ನಂಬರ್ ಹೇಳ್ತಾ ಜೊತೆಯಾಗಿ ಎಳ್ಕೊಂಡು ಹೋಗ್ಬೇಕು, ಎಲ್ಲೂ ನಿಲ್ಲಿಸ್ಬಾರ್ದು, ನಿಂತ ಜಾಗದಲ್ಲಿ ಗೆರೆ ಬೀಳತ್ತೆ. ಹೊಗೆ ಒಳ್ಳೇದಲ್ಲ, ಹೊರಗಡೆ ಮಾಡಿ. ಆಮೇಲೆ ಬ್ಲಾಕನ್ನ ಉದ್ದಕ್ಕೆ ಸರಿಯಾಗಿ ಎರಡು ಭಾಗ ಮಾಡಿ ಮಧ್ಯೆ 4 ಎಂಎಂ ಮರೀನ್ ಪ್ಲೈ ಪಟ್ಟಿ ಇಟ್ಟು ಅಂಟಿಸ್ಬೇಕು, ಇದೇ ಸ್ಟ್ರಿಂಗರ್, ಬೋರ್ಡಿನ ಬೆನ್ನೆಲುಬು. ಪಟ್ಟಿಯನ್ನ ಅದೇ ರಾಕರ್ ಟೆಂಪ್ಲೇಟ್ ಇಟ್ಟು ಕತ್ತರಿಸಿದ್ರೆ ಬಾಗು ಸರಿಯಾಗಿ ಕೂರತ್ತೆ. ಫರ್ನಿಚರ್ ಕೆಲಸ ಮಾಡೋ ನಮ್ಮ ಕಡೆಯವರು ಯಾರಾದ್ರೂ ಗೊತ್ತಿದ್ರೆ ಈ ಒಂದು ಕೆಲಸ ಅವ್ರ ಕೈಲಿ ಮಾಡಿಸಿ, ಅವ್ರ ಗರಗಸ ಹೋಗೋ ನೇರಕ್ಕೆ ನಮ್ಮದು ಹೋಗಲ್ಲ. ಅಂಟು ಒಣಗೋವರೆಗೂ ಬೆಲ್ಟ್ ಬಿಗಿದು ಈ ತುದಿಯಿಂದ ಆ ತುದಿಗೆ ದಾರ ಎಳೆದು ನೇರ ಇದ್ಯಾ ನೋಡಿ.

ಈಗ ಕೆತ್ತೋದು, ಶೇಪಿಂಗ್. ರೂಮು ಕತ್ತಲು ಮಾಡಿ ಎರಡೂ ಗೋಡೆಗೆ ಸೊಂಟದ ಎತ್ತರಕ್ಕೆ ಒಂದೊಂದು ಟ್ಯೂಬ್‌ಲೈಟ್ ಹಾಕಿ. ಮೇಲಿನ ಲೈಟ್ ಆಫ್. ಬೋರ್ಡ್ ಆ ಎರಡು ಲೈಟಿನ ಮಧ್ಯೆ ಸ್ಟ್ಯಾಂಡ್ ಮೇಲೆ ಇರ್ಬೇಕು, ಆಗ ಅಡ್ಡ ಬೆಳಕಿಗೆ ಒಂದು ಎಂಎಂ ಉಬ್ಬು ತಗ್ಗೂ ನೆರಳಾಗಿ ಕಾಣತ್ತೆ. ಇದಿಲ್ದೆ ಮಾಡಿದ ಬೋರ್ಡ್ ಬಿಸಿಲಿಗೆ ತಂದಾಗ ಅಲೆಅಲೆಯಾಗಿ ಕಾಣತ್ತೆ, ಅಷ್ಟೊತ್ತಿಗೆ ಗ್ಲಾಸಿಂಗ್ ಆಗಿರತ್ತೆ. ಗರಗಸದಲ್ಲಿ ಔಟ್‌ಲೈನ್ ಕತ್ತರಿಸಿ, 60 ನಂಬರ್ ಸ್ಯಾಂಡ್ ಪೇಪರನ್ನ ಉದ್ದನೆ ಮರದ ಹಲಗೆಗೆ ಅಂಟಿಸ್ಕೊಂಡು ಅಂಚು ನೇರ ಮಾಡಿ, ಮೊದಲು ತಳ, ಆಮೇಲೆ ಮೇಲ್ಭಾಗ. ಮಧ್ಯ 3 ಇಂಚು ದಪ್ಪ ಇದ್ದದ್ದು ಎರಡೂ ತುದಿಯಿಂದ ಒಂದು ಅಡಿ ಒಳಗೆ ಒಂದೂವರೆ ಇಂಚಿಗೆ ಇಳೀಬೇಕು, ಆ ಇಳಿಜಾರು ಎಲ್ಲೂ ಥಟ್ ಅಂತ ಮುರೀಬಾರ್ದು. ಸ್ಟ್ರಿಂಗರ್ ಮರ ಫೋಮಿಗಿಂತ ಗಟ್ಟಿ, ಸ್ಯಾಂಡ್ ಪೇಪರಿಗೆ ಅದು ಸವೆಯೋದಿಲ್ಲ, ಚಿಕ್ಕ ರಂದಾ ಇಟ್ಟು ಆಗಾಗ ಅದನ್ನ ಮಾತ್ರ ಇಳಿಸ್ತಾ ಬನ್ನಿ.

ಅಂಚನ್ನ ದುಂಡಗೆ ಮಾಡೋದಕ್ಕೆ, ಅಂದ್ರೆ ರೈಲ್, ಎಲ್ರೂ ಕೈಗೆ ಬಂದ ಹಾಗೆ ಉಜ್ಜೋಕೆ ಶುರು ಮಾಡ್ತಾರೆ. ಹಂಗೆ ಮಾಡಿದ್ರೆ ಎಡ ಬಲ ಯಾವತ್ತೂ ಒಂದೇ ಬರಲ್ಲ. ಪೆನ್ಸಿಲ್ ತಗೊಂಡು ಮೇಲ್ಭಾಗದಲ್ಲಿ ಅಂಚಿನಿಂದ ಎರಡು ಇಂಚು ಒಳಗೆ ಒಂದು ಗೆರೆ, ಮಗ್ಗುಲಲ್ಲಿ ಅರ್ಧ ದಪ್ಪಕ್ಕೆ ಇನ್ನೊಂದು ಗೆರೆ, ಮೂತಿಯಿಂದ ಬಾಲದವರೆಗೆ ಎಳೀರಿ. ಆ ಎರಡು ಗೆರೆ ಸೇರಿಸೋ ಹಾಗೆ ಓರೆಯಾಗಿ ಒಂದು ಪಟ್ಟಿ ಕತ್ತರಿಸಿ. ಈಗ ಆ ಓರೆ ಪಟ್ಟಿಯ ಎರಡೂ ಮೂಲೆಯನ್ನ ಇನ್ನೊಂದ್ಸಲ ಚಿಕ್ಕದಾಗಿ ಓರೆ ಮಾಡಿ. ಎರಡೂ ಕಡೆ ಪಟ್ಟಿಯ ಅಗಲ ಟೇಪ್‌ನಲ್ಲಿ ಅಳೆದು ಸಮ ಇದೆ ಅಂತ ಖಾತ್ರಿಯಾದ್ಮೇಲೆ ಮಾತ್ರ ಮೂಲೆಗಳನ್ನ ಮೆಶ್ ಪೇಪರಿನಲ್ಲಿ (ಜಾಲರಿ ಥರದ ಸ್ಯಾಂಡ್ ಪೇಪರ್) ದುಂಡಗೆ ಮಾಡೋದು. ಕೊನೆಗೆ ಕಣ್ಣು ಮುಚ್ಕೊಂಡು ಎರಡೂ ಕೈ ಎರಡೂ ರೈಲ್ ಮೇಲೆ ಇಟ್ಟು ಮೂತಿಯಿಂದ ಬಾಲದವರೆಗೆ ಜಾರಿಸ್ತಾ ಹೋಗಿ. ಕಣ್ಣಿಗೆ ಕಾಣದ ವ್ಯತ್ಯಾಸ ಅಂಗೈಗೆ ಗೊತ್ತಾಗತ್ತೆ. ಬಾಲದ ಕೊನೆ ಒಂದು ಅಡಿಯಲ್ಲಿ ತಳದ ಅಂಚು ಮಾತ್ರ ಚೂಪಾಗೇ ಇರ್ಲಿ, ನೀರು ಅಲ್ಲಿಂದ ಬಿಟ್ಟು ಹೋಗ್ಬೇಕು, ದುಂಡಗಿದ್ರೆ ಸುತ್ಕೊಂಡು ಬೋರ್ಡನ್ನ ಹಿಡ್ಕೊಳ್ಳತ್ತೆ.

ಕೆತ್ತೋವಾಗ ಬರೋ ಬಿಳಿ ಕಾಳಿನ ಬಗ್ಗೆ ಒಂದು ಮಾತು, ಇದು ನನಗೆ ತುಂಬಾ ಮುಖ್ಯ. ನೆಲಕ್ಕೆ ಟಾರ್ಪಾಲ್ ಹಾಸಿ, ಬಾಗಿಲು ಮುಚ್ಚಿ, ಫ್ಯಾನ್ ಆಫ್ ಮಾಡಿ ಕೆಲಸ ಮಾಡಿ, ದಿನದ ಕೊನೆಗೆ ವ್ಯಾಕ್ಯೂಮ್‌ನಲ್ಲಿ ಎಳೆದು ಚೀಲ ಕಟ್ಟಿ ಒಣ ಕಸಕ್ಕೆ ಕೊಡಿ. ಬೀಚ್ ಪಕ್ಕದ ಅಂಗಳದಲ್ಲಿ, ತೆಂಗಿನ ತೋಟದಲ್ಲಿ ದಯವಿಟ್ಟು ಬೇಡ. ಮೊರ್ಜಿಂ, ಮಾಂದ್ರೆ, ಅಗೋಂದಾ, ಗಾಲ್ಜಿಬಾಗ ಈ ನಾಲ್ಕೂ ಕಡೆ ಆಲಿವ್ ರಿಡ್ಲಿ ಆಮೆ ಮೊಟ್ಟೆ ಇಡೋಕೆ ಬರತ್ತೆ, ನಾವು ಗ್ಲಾಸಿಂಗ್‌ಗೆ ಒಳ್ಳೇದು ಅಂತಿರೋ ತಿಂಗಳುಗಳೇ ಅವಕ್ಕೂ ಸೀಸನ್. ಥರ್ಮೋಕೋಲ್ ಕಾಳು ಗಾಳಿಗೆ ಹಾರಿ ಮರಳಿಗೆ ಸೇರಿದ್ರೆ ವಾಪಸ್ ಆರಿಸೋಕೆ ಯಾರ ಕೈಲೂ ಆಗಲ್ಲ.

ಬಟ್ಟೆ ಹಾಕೋ ಮುಂಚೆ ಫೋಮಿನ ತೂತು ಮುಚ್ಬೇಕು. ಮುಚ್ಚದಿದ್ರೆ ರೆಸಿನ್ ಎಲ್ಲಾ ಒಳಗೆ ಕುಡ್ಕೊಂಡು ಬೋರ್ಡ್ ಭಾರ ಆಗತ್ತೆ, ಮೇಲೆ ಬಟ್ಟೆ ಒಣಗಿರತ್ತೆ. ಎಪಾಕ್ಸಿಗೆ ಮೈಕ್ರೋ ಬಲೂನ್ ಪುಡಿ (ಒಳಗೆ ಟೊಳ್ಳಿರೋ ಸಣ್ಣ ಗುಂಡುಗಳ ಹಗುರ ಪುಡಿ) ಸೇರಿಸಿ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ, ಕಾರ್ ಪೇಂಟಿಂಗ್‌ನೋರು ಪುಟ್ಟಿ ಎಳೆಯೋ ಪ್ಲಾಸ್ಟಿಕ್ ಪಟ್ಟಿಯಲ್ಲಿ ತೆಳ್ಳಗೆ ಬಳಿದು ತೆಗೀರಿ, ಒಣಗಿದ್ಮೇಲೆ ಹಗುರಕ್ಕೆ ಉಜ್ಜಿ. ಬಟ್ಟೆ 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ) ನೇಯ್ದ ಗ್ಲಾಸ್ ಕ್ಲಾತ್, ಹೊರಗಿನವರು 6 ಔನ್ಸ್ ಅನ್ನೋದು ಹೆಚ್ಚುಕಮ್ಮಿ ಇದೇ. ದೋಣಿ ಮಾಡೋರು ಬಳಸೋ ಚಾಪೆ ಥರದ ಮ್ಯಾಟ್ ಬೇಡ, ಅದು ಸಿಕ್ಕಾಪಟ್ಟೆ ರೆಸಿನ್ ಕುಡಿಯತ್ತೆ, ಜೊತೆಗೆ ಅದರ ಎಳೆ ಹಿಡಿದಿರೋ ಅಂಟು ಸಾಮಾನ್ಯವಾಗಿ ಸ್ಟೈರೀನ್‌ಗೆ ಕರಗೋ ಥರದ್ದು, ಎಪಾಕ್ಸಿಗೆ ಸರಿಯಾಗಿ ಬಿಡಲ್ಲ. ತಳಕ್ಕೆ ಒಂದು ಪದರ, ಮೇಲೆ ನಿಲ್ಲೋ ಕಡೆ ಎರಡು ಪದರ, ಒಟ್ಟು ಎಂಟೂವರೆ ಮೀಟರ್ ಬಟ್ಟೆ ಬೇಕು, ಎಪಾಕ್ಸಿ ಹಾರ್ಡನರ್ ಸೇರಿ 3 ಕೆಜಿ ಇಟ್ಕೊಂಡ್ರೆ ಕೊರತೆ ಆಗಲ್ಲ. ಲೆಕ್ಕ ಸರಿಯಾಗಿ ಹೋದ್ರೆ ಬೋರ್ಡ್ 5 ಕೆಜಿ ಆಸುಪಾಸು ಬರತ್ತೆ.

ಈಗ ಹೊತ್ತಿನ ವಿಷ್ಯ. ಫೋಮ್ ಒಳಗೆ ಗಾಳಿ ಇದೆ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಬಿಸಿ ಏರ್ತಾ ಹೋಗೋವಾಗ ಆ ಗಾಳಿ ಹಿಗ್ಗಿ, ಹಸಿ ರೆಸಿನ್ ಒಳಗಿಂದ ಗುಳ್ಳೆಯಾಗಿ ಮೇಲೆ ಬರತ್ತೆ, ನೀವು ಎಷ್ಟು ಸಲ ಒರೆಸಿದ್ರೂ ಮತ್ತೆ ಬರತ್ತೆ, ಒಣಗಿದ್ಮೇಲೆ ಸೂಜಿ ತೂತು ಉಳಿಯತ್ತೆ, ಅದರಲ್ಲೇ ನೀರು ಹೋಗೋದು. ಬಿಸಿ ಇಳಿಯೋ ಹೊತ್ತಲ್ಲಿ ಮಾಡಿದ್ರೆ ಉಲ್ಟಾ, ಗಾಳಿ ಕುಗ್ಗಿ ರೆಸಿನ್ನನ್ನ ಒಳಕ್ಕೆ ಎಳ್ಕೊಂಡು ಬಟ್ಟೆಯನ್ನ ಫೋಮಿಗೆ ಅಂಟಿಸತ್ತೆ. ಹಂಗಾಗಿ ಬೋರ್ಡನ್ನ ಇಡೀ ದಿನ ಅದೇ ರೂಮಲ್ಲಿ ಇಟ್ಟು ಸಂಜೆ ನಾಲ್ಕೂವರೆ ಐದಕ್ಕೆ ಶುರು ಮಾಡಿ. ತೀರಾ ರಾತ್ರಿ ಮಾಡೋಣ ಅಂದ್ರೆ ತಂಪಾದಷ್ಟೂ ಗಾಳಿಯಲ್ಲಿ ತೇವ ಏರತ್ತೆ, ಎಪಾಕ್ಸಿ ಮೇಲೆ ಮೇಣದಂಥ ಜಿಡ್ಡಿನ ಪೊರೆ ಕಟ್ಟತ್ತೆ. ಕಡಿಮೆ ಬೆಲೆಗೆ ಸಿಗೋ ತೇವ ತೋರಿಸೋ ಮೀಟರ್ ಒಂದು ಗೋಡೆಗೆ ಹಾಕಿ, 70ಕ್ಕಿಂತ ಜಾಸ್ತಿ ಇದ್ರೆ ಆ ದಿನ ಬಿಟ್ಬಿಡಿ. ಡಿಸೆಂಬರ್ ಜನವರಿಯಲ್ಲಿ ಬೆಳಗಿನ ಜಾವ ಇಬ್ಬನಿ ಬೀಳತ್ತೆ, ವರಾಂಡದಲ್ಲಿ ಬೋರ್ಡ್ ಒಣಗೋಕೆ ಬಿಡ್ಬೇಡಿ.

ಡಬ್ಬದ ಮೇಲಿರೋ ಅನುಪಾತ ತೂಕದ್ದಾ ಅಳತೆಯದ್ದಾ ಅಂತ ಓದಿ, ತೂಕ ಅಂತಿದ್ರೆ ಅಡುಗೆ ಮನೆ ಡಿಜಿಟಲ್ ತಕ್ಕಡಿಯಲ್ಲಿ ಗ್ರಾಂ ಲೆಕ್ಕಕ್ಕೆ ತೂಗಿ. ಬೇಗ ಒಣಗ್ಲಿ ಅಂತ ಹಾರ್ಡನರ್ ಜಾಸ್ತಿ ಹಾಕೋದು ಎಪಾಕ್ಸಿಯಲ್ಲಿ ನಡೆಯಲ್ಲ, ಅನುಪಾತ ತಪ್ಪಿದ್ರೆ ಅದು ಸರಿಯಾಗಿ ಗಟ್ಟಿ ಆಗೋದೇ ಇಲ್ಲ, ಅಂಟಂಟಾಗೇ ಉಳಿಯತ್ತೆ. ಮೂರು ನಿಮಿಷ ಕಪ್ಪಿನ ಬದಿ, ತಳ ಎಲ್ಲಾ ಕೆರೆದು ಕೆರೆದು ಕಲಸಿ. ಡಬ್ಬದ ಮೇಲೆ ಬರೆದಿರೋ ಟೈಮ್ ಸಾಮಾನ್ಯವಾಗಿ 25 ಡಿಗ್ರಿಗೆ, ಹತ್ತು ಡಿಗ್ರಿ ಏರಿದ್ರೆ ಅದು ಹತ್ರ ಹತ್ರ ಅರ್ಧ ಆಗತ್ತೆ. ಒಂದ್ಸಲಕ್ಕೆ 200 ಗ್ರಾಂಗಿಂತ ಜಾಸ್ತಿ ಕಲಸ್ಬೇಡಿ, ಕಲಸಿದ ತಕ್ಷಣ ಕಪ್ಪಿಂದ ಬೋರ್ಡ್ ಮೇಲೆ ಸುರೀರಿ, ಕಪ್ಪಲ್ಲಿ ಗುಂಪಾಗಿದ್ರೆ ತನ್ನ ಬಿಸಿಗೆ ತಾನೇ ಕುದಿಯತ್ತೆ. ಉಳಿದ ಕಪ್ಪನ್ನ ಕಸದ ಬುಟ್ಟಿಗೆ ಹಾಕ್ಬೇಡಿ, ಹೊರಗೆ ಮಣ್ಣಿನ ಮೇಲೆ ಇಟ್ಟು ತಣ್ಣಗಾದ್ಮೇಲೆ ಬಿಸಾಕಿ. ನೈಟ್ರೈಲ್ ಗ್ಲೌಸ್, ತುಂಬು ತೋಳು, ಕಾರ್ಟ್ರಿಜ್ ಇರೋ ಮಾಸ್ಕ್ ಕಡ್ಡಾಯ. ಎಪಾಕ್ಸಿ ಚರ್ಮಕ್ಕೆ ಪದೇಪದೇ ತಾಗಿ ಅಲರ್ಜಿ ಬಂದ್ರೆ ಅದು ಸಾಮಾನ್ಯವಾಗಿ ಜೀವನಪೂರ್ತಿ ಇರತ್ತೆ, ತಾಗಿದ್ರೆ ಸೋಪು ನೀರಲ್ಲಿ ತೊಳೀರಿ, ಅಸಿಟೋನ್‌ನಲ್ಲಿ ಅಲ್ಲ.

ತಳ ಮೇಲೆ ಬರೋ ಹಾಗೆ ಬೋರ್ಡ್ ಇಟ್ಟು ಬಟ್ಟೆ ಹಾಸಿ, ಅಂಚಿನಿಂದ ಕೆಳಗೆ ಇಳಿದು ಆ ಕಡೆಗೆ ಎರಡು ಇಂಚು ಸುತ್ಕೊಳ್ಳೋಷ್ಟು ಬಿಟ್ಟು ಕತ್ತರಿಸಿ, ಮೂತಿ ಬಾಲದ ಹತ್ರ ಚಿಕ್ಕ ಚಿಕ್ಕ ಸೀಳು ಕೊಡಿ, ಇಲ್ಲಾಂದ್ರೆ ಮಡಿಕೆ ಬೀಳತ್ತೆ. ರೆಸಿನ್ ಮಧ್ಯದಲ್ಲಿ ಸುರಿದು ಪ್ಲಾಸ್ಟಿಕ್ ಪಟ್ಟಿಯಲ್ಲಿ ಉದ್ದಕ್ಕೆ ಎಳೆದು ಆಮೇಲೆ ಅಂಚಿನ ಕಡೆ ತನ್ನಿ. ಬೆಳ್ಳಗೆ ಹೊಳೀತಿದ್ದ ಬಟ್ಟೆ ನೋಡ್ತಾ ನೋಡ್ತಾ ಮಾಯ ಆಗತ್ತೆ, ಕೆಳಗಿನ ಫೋಮ್ ಕಾಳು, ಸ್ಟ್ರಿಂಗರ್ ಮರದ ಗೆರೆ ಎಲ್ಲಾ ಸ್ಪಷ್ಟ ಕಾಣೋಕೆ ಶುರುವಾಗತ್ತೆ, ಈ ಕೆಲಸದಲ್ಲಿ ನನಗೆ ಅತಿ ಖುಷಿ ಕೊಡೋ ಐದು ನಿಮಿಷ ಅದು. ಎಲ್ಲಾದ್ರೂ ಬೂದಿ ಬಣ್ಣದ ಕಲೆ ಉಳಿದ್ರೆ ಅಲ್ಲಿ ಒಣಗಿದೆ ಅಂತ ಅರ್ಥ, ಇನ್ನೊಂಚೂರು ಹಾಕಿ. ಪೂರ್ತಿ ನೆಂದ್ಮೇಲೆ ಜಾಸ್ತಿ ಇರೋದನ್ನ ಗಟ್ಟಿಯಾಗಿ ಎಳೆದು ತೆಗೀರಿ, ನೇಯ್ಗೆ ಕೈಗೆ ತಾಗ್ಬೇಕು, ಮೇಲ್ಮೈ ಕನ್ನಡಿ ಥರ ಹೊಳೀಬಾರ್ದು. ಇಳಿಬಿದ್ದ ಅಂಚನ್ನ ಒಳಗೆ ಮಡಚಿ ಒತ್ತಿ, ಟಾರ್ಚ್ ಹಿಡ್ಕೊಂಡು ಕೆಳಗೆ ಬಗ್ಗಿ ನೋಡಿ, ಗುಳ್ಳೆಗಳು ಇರೋದು ಅಲ್ಲೇ. ಮಾರನೇ ಸಂಜೆ ಮಗುಚಿ, ಅಂಚಿನ ಏಣು ಉಜ್ಜಿ, ಮೇಲ್ಭಾಗಕ್ಕೆ ಎರಡು ಪದರ ಇದೇ ಥರ.

ಆಮೇಲೆ ಫಿಲ್ ಕೋಟ್, ಅಂದ್ರೆ ನೇಯ್ಗೆಯ ಗುಳಿ ತುಂಬೋ ಪದರ, ಪ್ರತಿ ಬದಿಗೆ 250 ಗ್ರಾಂ ಎಪಾಕ್ಸಿ, ಎರಡು ಸಲಕ್ಕೆ ಕಲಸಿ, ಬ್ರಷ್‌ನಲ್ಲಿ. ಮೊದಲ ಪದರ ಪೂರ್ತಿ ಒಣಗಿದ್ರೆ ಮೊದಲು ನೀರು, ಸ್ಕ್ರಬ್ಬರ್ ಹಾಕಿ ಜಿಡ್ಡು ತೊಳೆದು, ಒರೆಸಿ, ಆಮೇಲೆ ಉಜ್ಜಿ. ತೊಳೀದೆ ಉಜ್ಜಿದ್ರೆ ಜಿಡ್ಡು ಇನ್ನೂ ಒಳಗೆ ಸೇರತ್ತೆ. ಬರಿಗೈ ತಾಗಿಸ್ಬೇಡಿ, ಬೆವರು ಬಿದ್ದ ಜಾಗದಲ್ಲಿ ರೆಸಿನ್ ಬಿಟ್ಕೊಂಡು ಕಣ್ಣುಕಣ್ಣಾಗಿ ಗುಂಡಿ ಬೀಳತ್ತೆ, ಹಣೆಗೆ ಒಂದು ಟವೆಲ್ ಕಟ್ಕೊಳ್ಳಿ.

ಫಿನ್‌ಗೆ (ಬಾಲದ ತಳದಲ್ಲಿ ದಿಕ್ಕು ಹಿಡಿಯೋ ರೆಕ್ಕೆ) ಪ್ಲಾಸ್ಟಿಕ್ ಬಾಕ್ಸ್ ಸಿಕ್ರೆ ಅದು, ಇಲ್ಲಾಂದ್ರೆ 6 ಎಂಎಂ ಮರೀನ್ ಪ್ಲೈನಲ್ಲಿ ಕೆತ್ತಿ ಮೇಲೆ ಬಟ್ಟೆ ಹಾಕಿದ ಮೂರು ಫಿನ್. ಮೂರು ಫಿನ್ನಿನ ಈ ಜೋಡಣೆಯನ್ನ 1980ರ ಹೊತ್ತಿಗೆ ಆಸ್ಟ್ರೇಲಿಯಾದ ಸೈಮನ್ ಆಂಡರ್ಸನ್ ಚಾಲ್ತಿಗೆ ತಂದಿದ್ದು. ಹಿಂದಿನ ಫಿನ್ ಬಾಲದ ತುದಿಯಿಂದ ಮೂರೂವರೆ ಇಂಚು, ಪಕ್ಕದವು ಒಂದು ಅಡಿ ಆಸುಪಾಸು, ಅಂಚಿನಿಂದ ಒಂದೂಕಾಲು ಇಂಚು ಒಳಗೆ, ಅವುಗಳ ಮುಂದಿನ ತುದಿ ಕಾಲಿಂಚು ಒಳಕ್ಕೆ ತಿರುಗಿರ್ಲಿ. ಎರಡೂ ಪಕ್ಕದ್ದು ಸ್ಟ್ರಿಂಗರಿಂದ ಒಂದೇ ದೂರ ಇದೆ ಅಂತ ಅಳೆದು ಅಳೆದು ಅಂಟಿಸಿ. ಲೀಶ್ ಪ್ಲಗ್ (ಕಾಲಿಗೆ ಕಟ್ಟೋ ಹಗ್ಗ ಸಿಕ್ಕಿಸೋ ಬಟ್ಟಲು) ಬರೀ ಥರ್ಮೋಕೋಲ್‌ಗೆ ಕೂರಿಸಿದ್ರೆ ಮೊದಲ ಒಳ್ಳೆ ಅಲೆಗೇ ಕಿತ್ಕೊಂಡು ಬರತ್ತೆ, ತೂತನ್ನ ಪ್ಲಗ್‌ಗಿಂತ ದೊಡ್ಡದು ಮಾಡಿ, ಕತ್ತರಿಸಿದ ಗ್ಲಾಸ್ ಎಳೆ ಕಲಸಿದ ಎಪಾಕ್ಸಿ ತುಂಬಿ ಅದರೊಳಗೆ ಕೂರಿಸಿ.

ಕೊನೇ ಉಜ್ಜಾಟ 80, 120, 220, ಆಮೇಲೆ ನೀರು ಹಾಕಿ 400. ಬಟ್ಟೆಯ ನೇಯ್ಗೆ ಕಾಣ್ತಿದ್ದಂಗೆ ಆ ಜಾಗ ಬಿಟ್ಬಿಡಿ. ಈ ಧೂಳು ಮೈಗೆ ಬಿದ್ರೆ ತುರಿಕೆ, ತಣ್ಣೀರಲ್ಲಿ ತೊಳೀರಿ, ಮಾಸ್ಕ್ ತೆಗೀಬೇಡಿ. ಎಪಾಕ್ಸಿ ಬಿಸಿಲಿಗೆ ಹಳದಿ ತಿರುಗತ್ತೆ ಅಂತ ಮೇಲೆ ಬಿಳಿ ಪೇಂಟ್ ಹೊಡೆಯೋದು ವಾಸಿ, ಕಪ್ಪು ಕಡುನೀಲಿ ಎಷ್ಟೇ ಚೆಂದ ಕಂಡ್ರೂ ಬೇಡ, ಬಿಸಿಲಿಗೆ ಕಾದು ಒಳಗಿನ ಗಾಳಿ ಉಬ್ಬಿ ಬಟ್ಟೆ ಫೋಮಿಂದ ಎದ್ದು ಬರತ್ತೆ. ಮುಚ್ಚಿದ ಕಾರಲ್ಲಿ ಮಧ್ಯಾಹ್ನ ಬಿಟ್ರೂ ಅಷ್ಟೇ. ಒಂದು ವಾರ ಪೂರ್ತಿ ಗಟ್ಟಿಯಾಗೋಕೆ ಬಿಟ್ಟು ಆಮೇಲೆ ವ್ಯಾಕ್ಸ್ ಹಚ್ಚಿ ನೀರಿಗೆ ಇಳೀರಿ, ಲೈಫ್‌ಗಾರ್ಡ್ ಬಾವುಟ ನೋಡ್ಕೊಂಡು.

ಎಲ್ಲಾದ್ರೂ ಬಂಡೆಗೆ ತಾಗಿ ಬಿರುಕು ಬಿಟ್ರೆ ತಕ್ಷಣ ನೀರಿಂದ ಹೊರಗೆ ಬನ್ನಿ, ಥರ್ಮೋಕೋಲ್ ಕಾಳುಗಳ ಸಂದಿಯಲ್ಲಿ ನೀರು ಬೇಗ ಇಳಿಯತ್ತೆ. ಬಿರುಕು ಕೆಳಗೆ ಬರೋ ಹಾಗೆ ನೆರಳಲ್ಲಿ ನಿಲ್ಸಿ, ಟಿಶ್ಯೂ ಒತ್ತಿ ಹಿಡಿದ್ರೆ ಒದ್ದೆ ಆಗದೇ ಇರೋವರೆಗೆ ದಿನಗಟ್ಟಲೆ ಒಣಗಿಸಿ, ಒಳಗೆ ಉಪ್ಪುನೀರು ಇದ್ದಾಗ ಪ್ಯಾಚ್ ಹಾಕಿದ್ರೆ ಅದು ಅಂಟೋದೇ ಇಲ್ಲ. ಒಣಗಿದ್ಮೇಲೆ ಸುತ್ತ ಒಂದೆರಡು ಇಂಚು ಉಜ್ಜಿ, ಮೈಕ್ರೋ ಬಲೂನ್ ತುಂಬಿ, ಒಂದರ ಮೇಲೊಂದು ಎರಡು ತುಂಡು ಬಟ್ಟೆ, ಚಿಕ್ಕದು ಕೆಳಗೆ ದೊಡ್ಡದು ಮೇಲೆ, ಅದೂ ಸಂಜೆ ಹೊತ್ತಲ್ಲೇ.